ಓದುಗರ ಪ್ರಶ್ನೆ, ನಮ್ಮ ಉತ್ತರ: ದೊಡ್ಡ ಬಲೆಯ ಅಂಚಿನ ಬೆಳ್ಳಿಹನಿಗಳು

ಮಳೆ ಹಿಂದೆಗೆದು ಕಾಫಿ ಕಾಯಿ ಬಲಿಯುವ ಹೊತ್ತಿಗೆ ಕೊಡಗಿನ ತೋಟಗಳಲ್ಲಿ ಮರದಿಂದ ಮರಕ್ಕೆ ಹೊಂಬಣ್ಣದ ಬಲೆಗಳು ಏಳುತ್ತವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆ ಬಲೆಗಳ ಅಂಚಿನಲ್ಲಿ ತೂಗುವ ಪುಟ್ಟ ಬೆಳ್ಳಿ ಜೇಡಗಳನ್ನು ಕುರಿತವು. ಆದ್ದರಿಂದ ಈ ಕಂತನ್ನು ಅವಕ್ಕೇ ಬಿಟ್ಟುಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ರೋಬಸ್ಟಾ ತೋಟದಲ್ಲಿ ಎರಡು ಸಿಲ್ವರ್ ಓಕ್ ಮರಗಳ ನಡುವೆ ಅಂಗೈ ಅಗಲದ ಜೇಡವೊಂದು ಬಲೆ ಕಟ್ಟಿದೆ. ಬಲೆಯ ಸುತ್ತ ಕೆಂಪು ಮಿಶ್ರಿತ ಬೆಳ್ಳಿ ಬಣ್ಣದ ಏಳೆಂಟು ಪುಟಾಣಿ ಜೇಡಗಳಿವೆ. ಇವು ಅದರ ಮರಿಗಳೇ? (ಗೋಣಿಕೊಪ್ಪ)

ಉತ್ತರ: ಮರಿಗಳಲ್ಲ, ನೆಂಟರೂ ಅಲ್ಲ. ದೊಡ್ಡದು ನೆಫಿಲಾ ಪಿಲಿಪೆಸ್. ಅದರ ಹೆಣ್ಣಿನ ದೇಹವೇ 3ರಿಂದ 5 ಸೆಂಟಿಮೀಟರ್ ಇರುತ್ತದೆ, ಕಾಲು ಚಾಚಿದರೆ ಅಂಗೈ ಮೀರುತ್ತದೆ. ನೀವು ಬರೆದಿರುವ ಪುಟ್ಟವು ಆರ್ಗೈರೋಡಿಸ್ ಎಂಬ ಬೇರೆಯೇ ಕುಲದವು. ಮನೆಯ ಅಟ್ಟದಲ್ಲಿ, ಸೂರಿನ ಮೂಲೆಯಲ್ಲಿ ಅಡ್ಡಾದಿಡ್ಡಿ ಬಲೆ ಕಟ್ಟುವ ಜೇಡಗಳಿವೆಯಲ್ಲ, ಆ ಥೆರಿಡಿಡೇ ಕುಟುಂಬಕ್ಕೆ ಸೇರಿದವು. ಹೆಚ್ಚಿನವು 2ರಿಂದ 5 ಮಿಲಿಮೀಟರ್, ಅಂದರೆ ಸಾಸಿವೆಗಿಂತ ದೊಡ್ಡದು, ಕಾಳುಮೆಣಸಿಗಿಂತ ಬಹಳ ದೊಡ್ಡದೇನಲ್ಲ. ಹೊಟ್ಟೆ ಮೇಲಕ್ಕೆ ಗೋಪುರದಂತೆ ಚೂಪಾಗಿ ಎದ್ದಿರುತ್ತದೆ. ಬಲೆಯಲ್ಲಿ ತಲೆಕೆಳಗಾಗಿ, ಕಾಲುಗಳನ್ನು ಮುದುರಿಕೊಂಡು ಕೂತಾಗ ಎಲೆಯ ತುದಿಯಿಂದ ಜಾರಿದ ಇಬ್ಬನಿಯ ಹನಿಯೊಂದು ಎಳೆಗೆ ಸಿಕ್ಕಿಕೊಂಡಂತೆ ಕಾಣುತ್ತದೆ. ಅದಕ್ಕೇ ಇಲ್ಲಿ ಇವನ್ನು ಬೆಳ್ಳಿಹನಿ ಎಂದು ಕರೆದಿದ್ದೇವೆ.

ಇಲ್ಲಿ ಇನ್ನೊಂದು ಗೊಂದಲಕ್ಕೂ ಎಡೆಯಿದೆ. ನೆಫಿಲಾದ ಗಂಡು ಬರೀ 5–6 ಮಿಲಿಮೀಟರ್ ಉದ್ದ. ಹೆಣ್ಣಿನ ಬಲೆಯಲ್ಲೇ, ಸಾಮಾನ್ಯವಾಗಿ ಅವಳಿಗಿಂತ ಮೇಲ್ಭಾಗದಲ್ಲಿ ಕಾದು ಕೂತಿರುತ್ತದೆ. ಅದನ್ನೂ ಹಲವರು ಮರಿ ಎಂದೇ ತಿಳಿಯುತ್ತಾರೆ. ಗುರುತು ಸುಲಭ: ಗಂಡಿನ ಮೈ ಕೆಂಗಂದು, ಹೊಟ್ಟೆ ಉದ್ದುದ್ದ, ಬೆಳ್ಳಿಯ ಹೊಳಪಿಲ್ಲ, ಗೋಪುರವಿಲ್ಲ. ನಿಮ್ಮ ಬಲೆಯಲ್ಲಿ ಇವೆರಡೂ ಒಟ್ಟಿಗೇ ಇರಬಹುದು, ಬಿಸಿಲು ಓರೆಯಾಗಿ ಬೀಳುವಾಗ ನಿಂತು ನೋಡಿ. ನಿಜವಾದ ಮರಿಗಳಂತೂ ಆ ಬಲೆಯಲ್ಲಿ ಸಿಗಲಾರವು. ಏಕೆಂಬುದಕ್ಕೆ ಮುಂದೆ ನಾಪೋಕ್ಲಿನ ಪತ್ರಕ್ಕೆ ಕೊಟ್ಟ ಉತ್ತರ ನೋಡಿ.

ಪ್ರಶ್ನೆ: ಇವು ದೊಡ್ಡ ಜೇಡದ ಊಟ ಕದಿಯುತ್ತವೆ ಎಂದು ಓದಿದ್ದೇನೆ. ಅಷ್ಟು ದೊಡ್ಡ ಬೇಟೆಗಾರನ ಬಲೆಯಲ್ಲೇ ಇದ್ದುಕೊಂಡು ಸಿಕ್ಕಿಬೀಳದೆ ಕದಿಯುವುದು ಹೇಗೆ? ಅಂಟಿನಲ್ಲಿ ತಾವೇ ಸಿಲುಕುವುದಿಲ್ಲವೇ? (ವಿರಾಜಪೇಟೆ)

ಉತ್ತರ: ಇಡೀ ಕಸುಬು ನಿಂತಿರುವುದು ಎಳೆಗಳ ಕಂಪನದ ಮೇಲೆ. ಬಲೆಯೊಳಕ್ಕೆ ಬಂದ ಬೆಳ್ಳಿಹನಿ ಮೊದಲು ಅಂಚಿನ ಒರಟು ಎಳೆಗಳ ನಡುವೆ ತನ್ನದೊಂದು ತಾಣ ಮಾಡಿಕೊಳ್ಳುತ್ತದೆ. ನೆಫಿಲಾ ತನ್ನ ಚಕ್ರಬಲೆಯ ಹಿಂದೆ ಮುಂದೆ ಅಡ್ಡಾದಿಡ್ಡಿಯಾಗಿ ಹಾಕಿರುವ ಕಾವಲು ಎಳೆಗಳಲ್ಲಿ ಅಂಟಿಲ್ಲ, ಅಲ್ಲಿ ಓಡಾಡಲು ಅಡ್ಡಿಯಿಲ್ಲ. ಅಲ್ಲಿಂದ ಬಲೆಯ ನಡುವಿಗೆ ತನ್ನದೇ ಸಪೂರ ಎಳೆಗಳನ್ನು ಎಳೆದು, ಅವುಗಳ ಮೇಲೆ ಮುಂಗಾಲಿಟ್ಟು ಕಾಯುತ್ತದೆ. ಬಲೆಯ ಒಡತಿ ನೆಫಿಲಾ ಕೂರುವುದೂ ಆ ನಡುವಿನಲ್ಲೇ. ಅವಳ ಪ್ರತಿಯೊಂದು ಚಲನೆಯೂ ಈ ಎಳೆಗಳಲ್ಲಿ ಹರಿದು ಬರುತ್ತದೆ.

ಒಂದು ಜೇನುನೊಣ ಬಲೆಗೆ ಬಿತ್ತೆನ್ನಿ. ನೆಫಿಲಾ ಧಾವಿಸುತ್ತದೆ, ಕಚ್ಚುತ್ತದೆ, ಎಳೆಯಿಂದ ಸುತ್ತಿ ಗಂಟು ಕಟ್ಟುತ್ತದೆ. ಓಡುವ ಕಂಪನ ಬೇರೆ, ಸುತ್ತುವ ಕಂಪನ ಬೇರೆ. ಸುತ್ತುವ ಸುಳಿವು ಸಿಕ್ಕಿದ ಮೇಲೆಯೇ ಬೆಳ್ಳಿಹನಿ ಹೊರಡುವುದು. ಈ ವಿಷಯ 1979ರಲ್ಲೇ, ಮಧ್ಯ ಅಮೆರಿಕದ ಆರ್ಗೈರೋಡಿಸ್ ಎಲಿವೇಟಸ್ ಮೇಲೆ ನಡೆದ ಅಧ್ಯಯನದಿಂದ ಗೊತ್ತಾಗಿದೆ. ಒಡತಿ ಒಂದು ಗಂಟನ್ನು ಬಲೆಯಲ್ಲೇ ತೂಗಿಬಿಟ್ಟು ಇನ್ನೊಂದು ಬೇಟೆಗೆ ಓಡಿದಾಗ ಇದಕ್ಕೆ ಸುಸಮಯ. ಅವಳು ನಡೆದಾಗ ಇದೂ ನಡೆಯುತ್ತದೆ, ಅವಳು ನಿಂತರೆ ಇದೂ ನಿಲ್ಲುತ್ತದೆ. ಗಂಟು ತಲುಪಿದ ಕೂಡಲೇ ತನ್ನ ಎಳೆಯೊಂದನ್ನು ಅದಕ್ಕೆ ಬಿಗಿದು, ಸುತ್ತಲಿನ ಎಳೆಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಕೊನೆಯ ಎಳೆ ಕಡಿದಾಗ ಗಂಟು ತೂಗುಯ್ಯಾಲೆಯಂತೆ ಬೀಸಿ ಅಂಚಿಗೆ ಬರುತ್ತದೆ. ತನಗಿಂತ ಹಲವು ಪಟ್ಟು ದೊಡ್ಡ ಹೊರೆಯನ್ನು ಸಾಗಿಸುವ ಉಪಾಯ ಅದು. ಅವಸರಪಟ್ಟು ಒಂದೇ ಸಲ ಎರಡು ಬಿಗಿ ಎಳೆಗಳನ್ನು ಕಡಿದರೆ ಬಲೆ ಜಗ್ಗುತ್ತದೆ, ಒಡತಿ ತಿರುಗಿ ಬಲೆಯನ್ನು ಕುಲುಕುತ್ತಾಳೆ ಇಲ್ಲವೇ ಅಟ್ಟಿಸಿಕೊಂಡು ಬರುತ್ತಾಳೆ. ಆಗ ಕಳ್ಳ ತನ್ನ ಸುರಕ್ಷೆಯ ಎಳೆ ಹಿಡಿದು ಕೆಳಕ್ಕೆ ಬೀಳುತ್ತದೆ. ಕೆಲವು ನಿಮಿಷ ನೇತಾಡಿ, ಗದ್ದಲ ತಣ್ಣಗಾದ ಮೇಲೆ ಅದೇ ಎಳೆ ಹತ್ತಿ ವಾಪಸ್.

ಕದಿಯುವುದು ಇವುಗಳ ಒಂದು ದಾರಿ ಮಾತ್ರ. ಒಡತಿ ಲೆಕ್ಕಕ್ಕೇ ಇಡದ ಗುಂಗುರು, ಚಿಕ್ಕ ನೊಣಗಳನ್ನು ತಾವೇ ಆರಿಸಿ ತಿನ್ನುತ್ತವೆ. ಒಡತಿ ಉಣ್ಣುತ್ತಿರುವ ದೊಡ್ಡ ಬೇಟೆಯ ಮತ್ತೊಂದು ತುದಿಗೆ ಬಾಯಿಡುವುದೂ ಉಂಟು. ಬಲೆಯ ರೇಷ್ಮೆಯನ್ನೇ ತಿನ್ನುವ ಪ್ರಭೇದಗಳಿವೆ. ಪೊರೆ ಬಿಡುವ ಹೊತ್ತಿನಲ್ಲಿ ಮೆತ್ತಗಾಗಿ ಅಲುಗಾಡಲಾರದೆ ನೇತಿರುವ ಒಡತಿಯನ್ನೇ ಕಚ್ಚಿ ತಿಂದ ದಾಖಲೆಗಳೂ ಇವೆ. ಅಂಟಿನ ವಿಷಯ: ಚಕ್ರಬಲೆಯಲ್ಲಿ ಸುತ್ತುಸುತ್ತಾಗಿ ಹೋಗುವ ಎಳೆಗಳಿಗೆ ಮಾತ್ರ ಅಂಟಿರುತ್ತದೆ, ನಡುವಿನಿಂದ ಅಂಚಿಗೆ ಹೋಗುವ ಅಡ್ಡ ಎಳೆಗಳು ಒಣ. ಬೆಳ್ಳಿಹನಿ ಒಣ ಎಳೆಗಳನ್ನೂ ತಾನು ಎಳೆದುಕೊಂಡ ಎಳೆಗಳನ್ನೂ ಹಿಡಿದೇ ನಡೆಯುತ್ತದೆ. ಮೈಭಾರವೂ ತೀರ ಕಡಿಮೆ.

ಪ್ರಶ್ನೆ: ಆ ಬೆಳ್ಳಿ ಹೊಳಪು ಏನು? ಕೂದಲೇ, ಮೇಣವೇ? (ಸೋಮವಾರಪೇಟೆ)

ಉತ್ತರ: ಎರಡೂ ಅಲ್ಲ. ಪಾರದರ್ಶಕ ಚರ್ಮದಡಿ ಗ್ವಾನೀನ್ ಎಂಬ ವಸ್ತುವಿನ ಹರಳುಗಳು ಒತ್ತೊತ್ತಾಗಿ ಕೂತು ಬೆಳಕನ್ನು ಕನ್ನಡಿಯಂತೆ ಮರಳಿಸುತ್ತವೆ. ಗ್ವಾನೀನ್ ಜೇಡದ ದೇಹ ಹೊರಹಾಕಬೇಕಾದ ತ್ಯಾಜ್ಯ, ಅದನ್ನೇ ಹೊಟ್ಟೆಯ ಮೇಲ್ಪದರದಲ್ಲಿ ಕೂಡಿಟ್ಟುಕೊಂಡಿದೆ. ಮೀನಿನ ಮೈಯ ಬೆಳ್ಳಿ ಹೊಳಪಿಗೂ ಇದೇ ವಸ್ತು ಕಾರಣ. ತೈವಾನಿನ ಸಂಶೋಧಕರು 2013ರಲ್ಲಿ ಇನ್ನೊಂದು ಸೊಗಸಾದ ಅಂಶ ಪ್ರಕಟಿಸಿದರು: ಆರ್ಗೈರೋಡಿಸ್ ಫಿಸಿಫ್ರಾನ್ಸ್ ಇರುವ ಸಿರ್ಟೊಫೋರಾ ಜೇಡದ ಬಲೆಗೆ, ಆ ಹೊಳಪಿನಿಂದಲೇ ಹೆಚ್ಚು ಹುಳುಗಳು ಆಕರ್ಷಿತವಾಗುತ್ತವೆ. ಹಾಗಾಗಿ ಇದನ್ನು ಎಲ್ಲ ಬಲೆಗಳಲ್ಲೂ ಬರೀ ಕಳ್ಳ ಎನ್ನುವಂತಿಲ್ಲ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಈ ಕುಲದಲ್ಲಿ ಎಷ್ಟು ಪ್ರಭೇದಗಳಿವೆ? ಮೊಬೈಲ್ ಫೋಟೊ ನೋಡಿ ಪ್ರಭೇದ ಹೇಳಬಹುದೇ? ನಾನು ತೆಗೆದ ಫೋಟೊಗಳಲ್ಲೆಲ್ಲ ಬರೀ ಬಿಳಿ ಚುಕ್ಕೆ ಬರುತ್ತಿದೆ. (ಪೊನ್ನಂಪೇಟೆ)

ಉತ್ತರ: ಕುಲಕ್ಕೆ ಹೆಸರಿಟ್ಟವರು ಫ್ರಾನ್ಸಿನ ಯೂಜೀನ್ ಸಿಮೋನ್, 1864ರಲ್ಲಿ. ಹೆಸರಿನ ಮೂಲ ಬೆಳ್ಳಿ ಎಂಬ ಅರ್ಥದ ಗ್ರೀಕ್ ಪದ. ಇಂದು ಸುಮಾರು 90 ಪ್ರಭೇದಗಳು ಈ ಕುಲದಲ್ಲಿವೆ, ಬಹುಪಾಲು ಉಷ್ಣವಲಯದವು. ಭಾರತದ ಪ್ರಭೇದಗಳಲ್ಲಿ ಹಲವನ್ನು ವಿವರಿಸಿದವರು ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಬಿ. ಕೆ. ಟಿಕಾದರ್. ಅವರು 1963ರಲ್ಲಿ ಹೆಸರಿಸಿದ ಆರ್ಗೈರೋಡಿಸ್ ಸಿರ್ಟೊಫೋರೆ, ತಾನು ವಾಸಿಸುವ ಸಿರ್ಟೊಫೋರಾ ಬಲೆಯ ಹೆಸರನ್ನೇ ಹೊತ್ತಿದೆ. ಗೋಣಿಕೊಪ್ಪದ ಓದುಗರು ಬರೆದ ಕೆಂಪು–ಬೆಳ್ಳಿಯ ಜೇಡ, ನೆಫಿಲಾ ಬಲೆಗಳಲ್ಲಿ ಕಾಣುವ ಆರ್ಗೈರೋಡಿಸ್ ಫ್ಲೇವೆಸೆನ್ಸ್‌ಗೆ ಹೋಲುತ್ತದೆ. ಶ್ರೀಲಂಕಾ, ಭಾರತದಿಂದ ಜಪಾನ್, ನ್ಯೂಗಿನಿಯವರೆಗೆ ಅದರ ಹರವು. 1880ರಲ್ಲಿ ಅದನ್ನು ವಿವರಿಸಿದವರು ಇಂಗ್ಲೆಂಡಿನ ಪಿಕಾರ್ಡ್-ಕೇಂಬ್ರಿಜ್.

"ಹೋಲುತ್ತದೆ" ಎಂಬ ಮಾತನ್ನು ಬೇಕೆಂದೇ ಬಳಸಿದ್ದೇವೆ. ಬಣ್ಣ ನೋಡಿ ಪ್ರಭೇದ ಹೇಳುವುದು ಈ ಕುಲದಲ್ಲಿ ಅಪಾಯ. ಬೆಳ್ಳಿಯ ಮಚ್ಚೆ ಒಂದೇ ಪ್ರಭೇದದಲ್ಲೂ ವಯಸ್ಸು, ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಖಚಿತ ಗುರುತು ಸಿಗುವುದು ಬೆಳೆದ ಗಂಡಿನ ಬಾಯಿಯ ಅಕ್ಕಪಕ್ಕದ ಗಿಡ್ಡ ಕಾಲುಗಳ ತುದಿಯ ರಚನೆಯಿಂದ, ಹೆಣ್ಣಿನಲ್ಲಾದರೆ ಹೊಟ್ಟೆಯಡಿಯ ಜನನಾಂಗದ ತಟ್ಟೆಯಿಂದ. ಎರಡಕ್ಕೂ ಸೂಕ್ಷ್ಮದರ್ಶಕ ಬೇಕು. ಆದರೂ ಒಳ್ಳೆಯ ಫೋಟೊದಿಂದ ಕುಲ ಹೇಳಬಹುದು, ಪ್ರಭೇದದ ಆಯ್ಕೆಯನ್ನು ಎರಡು ಮೂರಕ್ಕೆ ಇಳಿಸಬಹುದು.

ನಿಮ್ಮ ಫೋಟೊದಲ್ಲಿ ಬಿಳಿ ಚುಕ್ಕೆ ಬರಲು ಕಾರಣ ಫ್ಲ್ಯಾಶ್. ಕನ್ನಡಿಗೆ ಟಾರ್ಚ್ ಬಿಟ್ಟ ಹಾಗೆ, ಗ್ವಾನೀನ್ ಅಷ್ಟೂ ಬೆಳಕನ್ನು ವಾಪಸ್ ಎಸೆಯುತ್ತದೆ. ಫ್ಲ್ಯಾಶ್ ಆರಿಸಿ. ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್ ಹಾಕಿ. ಬಲೆಯ ಹಿಂದೆ ಎರಡಡಿ ದೂರದಲ್ಲಿ ಒಬ್ಬರು ಕಪ್ಪು ಕೊಡೆ ಬಿಚ್ಚಿ ಹಿಡಿಯಲಿ. ಹಿನ್ನೆಲೆ ಕಪ್ಪಾದರೆ ಕ್ಯಾಮೆರಾ ಚಿತ್ರವನ್ನು ಬೆಳಗಿಸಲು ಹೋಗಿ ಬೆಳ್ಳಿಯನ್ನು ಮತ್ತೆ ಸುಟ್ಟುಬಿಡುತ್ತದೆ, ಆದ್ದರಿಂದ ಪರದೆಯ ಮೇಲೆ ಜೇಡವನ್ನು ಮುಟ್ಟಿ, ಬೆಳಕಿನ ಗುರುತನ್ನು ಕೆಳಕ್ಕೆ ಎಳೆಯಿರಿ. ಬೆಳಕು ಸಾಲದಿದ್ದರೆ ಟಾರ್ಚಿನ ಬಾಯಿಗೆ ಎರಡು ಪದರ ಬಿಳಿ ಟಿಶ್ಯೂ ಕಟ್ಟಿ ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಗಾಳಿಗೆ ಬಲೆ ತೂಗುವುದರಿಂದ ಒಂದೊಂದೇ ತೆಗೆಯದೆ ಒಮ್ಮೆಗೆ ಹತ್ತಿಪ್ಪತ್ತು ತೆಗೆದು ಆರಿಸಿಕೊಳ್ಳಿ. ಬೆಳಗಿನ ಏಳರಿಂದ ಎಂಟೂವರೆಯ ತನಕ ಗಾಳಿ ಕಡಿಮೆ.

ಕೋನಗಳು ಮುಖ್ಯ. ಪಕ್ಕದಿಂದ ಒಂದು, ಹೊಟ್ಟೆಯ ಗೋಪುರದ ಆಕಾರ ಅಲ್ಲೇ ತಿಳಿಯುವುದು. ಮೇಲಿನಿಂದ ಒಂದು. ಎದುರಿನಿಂದ ಒಂದು: ಗಂಡಾದರೆ ಕಣ್ಣುಗಳ ಬಳಿ ತಲೆ ಉಬ್ಬಿ, ನಡುವೆ ಸೀಳು ಬಿದ್ದು, ಕೂದಲು ಮೂಡಿರುತ್ತದೆ, ಪ್ರಭೇದದಿಂದ ಪ್ರಭೇದಕ್ಕೆ ಅದು ಬೇರೆ. ಕೊನೆಗೆ ಬಲೆಯ ಒಡತಿಯದೂ ಇಡೀ ಬಲೆಯದೂ ಒಂದೊಂದು. ಕೊನೆಯ ಎರಡನ್ನು ಹೆಚ್ಚಿನವರು ಮರೆಯುತ್ತಾರೆ, ಯಾರ ಬಲೆ ಎಂದು ಗೊತ್ತಿಲ್ಲದ ಬೆಳ್ಳಿಹನಿಯ ಚಿತ್ರದಿಂದ ಅರ್ಧ ಮಾಹಿತಿ ಹೋದಂತೆಯೇ. ಬಲೆ ಎದ್ದು ಕಾಣಲೆಂದು ಹಿಟ್ಟು, ಪೌಡರ್ ಉದುರಿಸಬೇಡಿ. ಅಂಟು ಸತ್ತು ಬಲೆ ಕೆಲಸಕ್ಕೆ ಬಾರದಾಗುತ್ತದೆ, ಜೇಡ ಅದನ್ನು ಕಿತ್ತು ಮತ್ತೆ ಕಟ್ಟಬೇಕು. ಬಲೆ ಎದ್ದು ಕಾಣುವಂತೆ ಮಾಡುವ ಕೆಲಸವನ್ನು ಕೊಡಗಿನ ಮಂಜು ಬೆಳಿಗ್ಗೆ ಬಿಟ್ಟಿಯಾಗಿ ಮಾಡಿಕೊಡುತ್ತದೆ.

ಪ್ರಶ್ನೆ: ಅಂಥದೇ ಬಲೆಯ ಪಕ್ಕದಲ್ಲಿ ಕಂದು ಬಣ್ಣದ, ಪುಟ್ಟ ಮಡಕೆಯಂಥವು ಎಳೆಯಲ್ಲಿ ನೇತಾಡುತ್ತಿವೆ. ನೆಫಿಲಾದ ಮೊಟ್ಟೆಯೇ? ತೋಟಕ್ಕೆ ತೊಂದರೆಯೇ? (ನಾಪೋಕ್ಲು)

ಉತ್ತರ: ಅವು ಬೆಳ್ಳಿಹನಿಯ ಮೊಟ್ಟೆಚೀಲಗಳು. ಕೆಲವೇ ಮಿಲಿಮೀಟರ್ ಗಾತ್ರ, ಮೇಲೆ ತೊಟ್ಟಿನಂಥ ಎಳೆ, ಕೆಳಗೆ ಹೂಜಿಯಂತೆ ಸಣ್ಣ ಕುತ್ತಿಗೆ, ಮುಟ್ಟಿದರೆ ಒಣ ಕಾಗದದಂತೆ. ತೊಂದರೆಯೇನಿಲ್ಲ.

ನೆಫಿಲಾ ಪಿಲಿಪೆಸ್ ಮೊಟ್ಟೆಯಿಡುವ ರೀತಿಯೇ ಬೇರೆ. ಹೆಣ್ಣು ಬಲೆ ಬಿಟ್ಟು ನೆಲಕ್ಕಿಳಿದು, ತಗ್ಗಾದ ಕುಳಿ ತೋಡಿ, ಅದರಲ್ಲಿ ಮೊಟ್ಟೆಚೀಲವಿಟ್ಟು ಮಣ್ಣು ತರಗೆಲೆಯಿಂದ ಮುಚ್ಚುತ್ತಾಳೆ. ಹಾಗಾಗಿ ಮರಿಗಳು ತಾಯಿಯ ಬಲೆಯಲ್ಲಿ ಕಾಣುವುದಿಲ್ಲ. ಈ ಬಲೆಗಳು ತೋಟದಲ್ಲಿ ಮುಂದಿನ ವರ್ಷವೂ ಇರಬೇಕೆಂದಿದ್ದರೆ ಅವುಗಳ ಕೆಳಗಿನ ತರಗೆಲೆಯನ್ನು ಬೋಳು ನೆಲ ಕಾಣುವಂತೆ ಕೆರೆಯಬೇಡಿ. ಕಳೆಯನ್ನು ಕತ್ತಿಯಿಂದ ಮೇಲ್ಮಟ್ಟದಲ್ಲಿ ಸವರಿದರೆ ಸಾಕು, ಗುದ್ದಲಿ ಬೇಡ. ತರಗೆಲೆ ಕಾಫಿಯ ಬೇರಿಗೆ ತೇವ ಹಿಡಿಯುವ ಹೊದಿಕೆಯೂ ಹೌದಲ್ಲವೇ.

ಪ್ರಶ್ನೆ: ಕೀಟ ತಿನ್ನುವ ದೊಡ್ಡ ಜೇಡ ನಮಗೆ ಉಪಕಾರಿ. ಅದರ ಊಟ ಕದಿಯುವವನ್ನು ತೆಗೆದುಹಾಕುವುದು ಒಳ್ಳೆಯದಲ್ಲವೇ? ಇನ್ನೊಂದು, ಏಣಿ ಹಾಕಿ ಮೆಣಸು ಕೊಯ್ಯುವ ದಾರಿಯಲ್ಲೇ ಬಲೆ ಇದ್ದರೆ ಏನು ಮಾಡಬೇಕು? (ಮಡಿಕೇರಿ)

ಉತ್ತರ: ತೆಗೆಯಬೇಡಿ. ಕಳ್ಳತನದಿಂದ ನಷ್ಟ ಆಗುವುದು ನಿಜ. ಆಸ್ಟ್ರೇಲಿಯಾದಲ್ಲಿ ನೆಫಿಲಾ ಪ್ಲುಮೈಪಿಸ್ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರ್ಗೈರೋಡಿಸ್ ಇದ್ದ ಬಲೆಗಳ ಜೇಡಗಳು ಕಡಿಮೆ ತೂಕ ಗಳಿಸಿದವು, ಹೆಚ್ಚು ಸಲ ಜಾಗ ಬದಲಿಸಿದವು. ಆದರೆ ಜಾಗ ಬದಲಿಸುವುದೇ ದೊಡ್ಡ ಜೇಡ ತಾನಾಗಿ ಕಂಡುಕೊಂಡ ಪರಿಹಾರ. ನೀವು ಕಡ್ಡಿ ಹಾಕಿ ಒಂದೊಂದನ್ನೇ ಆರಿಸಲು ಹೋದರೆ ಕಳ್ಳನ ಜೊತೆ ಕಾವಲು ಎಳೆಗಳೂ ಹರಿಯುತ್ತವೆ, ಗಂಡು ನೆಫಿಲಾವೂ ಬೆಳ್ಳಿಹನಿಯೆಂದೇ ಸಾಯುತ್ತದೆ, ವಾರ ಕಳೆಯುವುದರೊಳಗೆ ಪಕ್ಕದ ಬಲೆಗಳಿಂದ ಹೊಸಬರು ಬಂದು ಸೇರುತ್ತಾರೆ. ಕೀಟನಾಶಕ ಸಿಂಪಡಿಸುವುದಂತೂ ಬೇಡವೇ ಬೇಡ, ಅದು ಮೊದಲು ಕೊಲ್ಲುವುದು ಬಲೆಯ ನಡುವೆ ಬಯಲಿಗೆ ಕೂತ ಒಡತಿಯನ್ನೇ. ಅಂದಹಾಗೆ ನೆಫಿಲಾ ಬಲೆಗೆ ಬಿದ್ದದ್ದನ್ನೆಲ್ಲ ತಿನ್ನುತ್ತದೆ, ಜೇನುನೊಣವನ್ನೂ. ಕಾಫಿಯ ಕಾಂಡಕೊರಕ, ಕಾಯಿಕೊರಕಗಳಿಗೆ ಇದೇ ಮದ್ದು ಎಂದು ನಂಬಿ ನಿಮ್ಮ ಬೇರೆ ಕ್ರಮಗಳನ್ನು ಕೈಬಿಡಬೇಡಿ.

ದಾರಿಗೆ ಅಡ್ಡವಾದ ಬಲೆಯನ್ನು ದೋಟಿಯಿಂದ ಹೊಡೆಯುವ ಬದಲು ಜೇಡವನ್ನು ಸ್ಥಳಾಂತರಿಸಿ. ಮೂರಡಿ ಉದ್ದದ, ಕವಲೊಡೆದ ಒಣ ಕಾಫಿ ರೆಂಬೆ ತೆಗೆದುಕೊಳ್ಳಿ. ನೆಫಿಲಾ ತಲೆ ಕೆಳಗಾಗಿ ಕೂರುತ್ತದೆ. ರೆಂಬೆಯ ಕವಲನ್ನು ಅದರ ಮುಂಗಾಲುಗಳ ಕೆಳಗೆ ನಿಧಾನವಾಗಿ ತನ್ನಿ, ಇನ್ನೊಂದು ಕಡ್ಡಿಯಿಂದ ಹಿಂಗಾಲನ್ನು ಮೃದುವಾಗಿ ಸೋಕಿಸಿ. ಅದು ಮುಂದಕ್ಕೆ ನಡೆದು ರೆಂಬೆಗೆ ಹತ್ತುತ್ತದೆ. ಹೊಟ್ಟೆಗೆ ಚುಚ್ಚಬೇಡಿ, ಆ ಚರ್ಮ ತೆಳು, ಒಡೆದರೆ ಜೇಡ ಉಳಿಯದು. ಹತ್ತಿದ ಮೇಲೆ ಹಿಂದೆ ಬರುತ್ತಿರುವ ಎಳೆಯನ್ನು ಕತ್ತರಿಸಿ, ಅದೇ ಎತ್ತರದಲ್ಲಿ, ಜನ ಓಡಾಡದ ಎರಡು ಮರಗಳ ನಡುವೆ ರೆಂಬೆಯನ್ನು ಒರಗಿಸಿಬಿಡಿ. ಬೆಳಿಗ್ಗೆ ಮಾಡಿದರೆ ಹೊಸ ಜಾಗ ಹುಡುಕಲು ಅದಕ್ಕೆ ಹಗಲು ಪೂರ್ತಿ ಸಿಗುತ್ತದೆ. ಬೆಳ್ಳಿಹನಿಗಳನ್ನು ಸಾಗಿಸುವ ಗೋಜು ಬೇಡ, ಹಳೆಯ ಬಲೆ ಸಡಿಲವಾದಾಗ ಅವು ಎಳೆ ಹಿಡಿದು ತಾವೇ ಬೇರೆ ಬಲೆ ಹುಡುಕುತ್ತವೆ.

ಪ್ರಶ್ನೆ: ಬಲೆ ಮುಖಕ್ಕೆ ತಾಗಿದ ಮೇಲೆ ಕುತ್ತಿಗೆಯಲ್ಲಿ ಉರಿ, ಗುಳ್ಳೆ ಎದ್ದಿತು. ಈ ಸಣ್ಣ ಜೇಡ ಹರಿದರೆ ಹಾಗಾಗುತ್ತದೆ ಎನ್ನುತ್ತಾರೆ. (ಸಿದ್ದಾಪುರ)

ಉತ್ತರ: ಆರ್ಗೈರೋಡಿಸ್‌ನ ಹಲ್ಲು ಅತಿ ಚಿಕ್ಕದು, ಮನುಷ್ಯರಿಗೆ ಅದರಿಂದ ಅಪಾಯವಿಲ್ಲ. ಹರಿದಾಡಿದ್ದಕ್ಕೆ ಗುಳ್ಳೆ ಏಳುವುದಿಲ್ಲ. ಮಳೆ ಮುಗಿಯುವ ಕಾಲದಲ್ಲಿ ಕುತ್ತಿಗೆಯ ಮೇಲೆ ಬರೆ ಎಳೆದಂತೆ ಉರಿಗುಳ್ಳೆ ಬಂದರೆ ಮೊದಲು ಸಂಶಯಿಸಬೇಕಾದದ್ದು ಪೀಡೆರಸ್ ಎಂಬ ಕೀಟವನ್ನು. ಇರುವೆಯಂತೆ ಉದ್ದ, ಕಿತ್ತಳೆ–ಕಪ್ಪು ಪಟ್ಟೆ, ಗದ್ದೆಯ ಬದಿಯಲ್ಲಿ ಹೆಚ್ಚು, ರಾತ್ರಿ ದೀಪಕ್ಕೆ ಬರುತ್ತದೆ. ಅದು ಕಚ್ಚುವುದಿಲ್ಲ. ನಾವು ಕೈಯಿಂದ ಒರೆಸಿ ಅರೆದಾಗ ಅದರ ರಸ ಚರ್ಮಕ್ಕೆ ತಾಗಿ, ಒಂದೆರಡು ದಿನದಲ್ಲಿ ಗುಳ್ಳೆ ಏಳುತ್ತದೆ. ಮೈಮೇಲೆ ಕೂತರೆ ಊದಿ ಹಾರಿಸಿ. ಅರೆದುಹೋದರೆ ತಕ್ಷಣ ಸೋಪು ನೀರಿನಿಂದ ತೊಳೆಯಿರಿ, ಆ ಕೈ ಕಣ್ಣಿಗೆ ಹೋಗದಿರಲಿ.

ಗುಳ್ಳೆಗಳು ಮೈಯ ಒಂದೇ ಬದಿಗೆ ಪಟ್ಟಿಯಂತೆ ಬಂದು, ಅದಕ್ಕೆ ಮುಂಚೆ ಕೆಲವು ದಿನ ಅಲ್ಲೇ ನೋವಿದ್ದರೆ ಅದು ಸರ್ಪಸುತ್ತು. ಸೀತಾಳೆ ಸಿಡುಬಿನ ವೈರಸ್ ಮತ್ತೆ ಎಚ್ಚೆತ್ತು ಬರುವ ಕಾಯಿಲೆ, ಜೇಡಕ್ಕೆ ಸಂಬಂಧವಿಲ್ಲ. ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ನಿರೋಧಕ ಮಾತ್ರೆ ಶುರುಮಾಡಿದರೆ ಹೆಚ್ಚು ಫಲ. ಎಲೆಯರಸ ಹಚ್ಚಿ ಕಾಯುತ್ತ ಕೂರದೆ ವೈದ್ಯರಲ್ಲಿಗೆ ಹೋಗಿ. ಕಣ್ಣಿನ ಸುತ್ತ ಬಂದರೆ ಆ ದಿನವೇ.

ಪ್ರಶ್ನೆ: ಏಲಕ್ಕಿ ಗಿಡಗಳ ನಡುವೆ ಗಾಳಿಮರದ ಸೂಜಿಯೆಲೆಯಂಥದ್ದು ಒಂದೇ ಎಳೆಯಲ್ಲಿ ತೂಗುತ್ತಿತ್ತು. ಮುಟ್ಟಿದಾಗ ಬಾಗಿ ನಡೆಯಿತು! (ಭಾಗಮಂಡಲ)

ಉತ್ತರ: ಬೆಳ್ಳಿಹನಿಯ ಹತ್ತಿರದ ಬಂಧು, ಏರಿಯಾಮ್ನೆಸ್. ಹಿಂದೆ ಇದನ್ನೂ ಆರ್ಗೈರೋಡಿಸ್ ಕುಲದಲ್ಲೇ ಇಟ್ಟಿದ್ದರು, ಈ ಶತಮಾನದ ಆರಂಭದಲ್ಲಿ ಮತ್ತೆ ಬೇರೆ ಮಾಡಿದರು. ಗೋಪುರದ ಬದಲು ಹೊಟ್ಟೆ ದಾರದಂತೆ ಉದ್ದವಾಗಿದೆ, ಹುಳುವಿನಂತೆ ಬಾಗಿಸಲೂ ಬಲ್ಲದು. ಇದು ಕದಿಯುವುದಿಲ್ಲ. ಅಂಟಿಲ್ಲದ ಕೆಲವೇ ಎಳೆ ಎಳೆದು, ಆ ಎಳೆಯನ್ನು ಸೇತುವೆ ಮಾಡಿಕೊಂಡು ನಡೆದು ಬರುವ ಜೇಡಮರಿಗಳನ್ನೂ ಸಣ್ಣ ಕೀಟಗಳನ್ನೂ ಹಿಡಿಯುತ್ತದೆ.

ಪ್ರಶ್ನೆ: ನಮ್ಮ ಶಾಲೆಯ ಪರಿಸರ ಸಂಘದ ಮಕ್ಕಳಿಂದ ಇವನ್ನು ಎಣಿಸಬೇಕೆಂದಿದ್ದೇವೆ. ಹೇಗೆ? (ಕುಶಾಲನಗರ)

ಉತ್ತರ: ಬಲೆ ದೊಡ್ಡದಾದಷ್ಟೂ ಬೆಳ್ಳಿಹನಿಗಳು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ನಿಮ್ಮ ಊರಲ್ಲೂ ಹಾಗೆಯೇ ಎಂಬುದನ್ನು ಮಕ್ಕಳು ನಿಜವಾಗಿ ಪರೀಕ್ಷಿಸಬಹುದು. ಹತ್ತು ನೆಫಿಲಾ ಬಲೆ ಆರಿಸಿ, ಹತ್ತಿರದ ಮರಕ್ಕೆ ಸಂಖ್ಯೆ ಬರೆದ ಪಟ್ಟಿ ಕಟ್ಟಿ. ಬಲೆಗಲ್ಲ, ಮರಕ್ಕೆ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ, ಎಂಟು ವಾರ. ಪ್ರತಿ ಬಲೆಯ ಅಗಲವನ್ನು ಹತ್ತು ಸೆಂಟಿಮೀಟರಿಗೊಂದು ಗೆರೆ ಹಾಕಿದ ಬಿದಿರು ಕೋಲನ್ನು ಹಿಂದಿನಿಂದ ಹಿಡಿದು ಅಳೆಯಿರಿ, ಕೋಲು ಎಳೆಗೆ ತಾಗದಿರಲಿ. ನೆಲದಿಂದ ಬಲೆಯ ನಡುವಿನ ಎತ್ತರ, ಬೆಳ್ಳಿಹನಿಗಳ ಸಂಖ್ಯೆ, ಮೊಟ್ಟೆಮಡಕೆಗಳ ಸಂಖ್ಯೆ, ಒಡತಿ ಆ ಹೊತ್ತು ಉಣ್ಣುತ್ತಿದ್ದಳೇ ಎಂಬುದನ್ನು ಬರೆದುಕೊಳ್ಳಿ. ಇಬ್ಬರು ಮಕ್ಕಳು ಒಬ್ಬರಿಗೊಬ್ಬರು ಹೇಳದೆ ಬೇರೆ ಬೇರೆ ಎಣಿಸಲಿ, ಆಮೇಲೆ ಹೋಲಿಸಲಿ. ಅಂಕಿ ಬೇರೆಯಾದರೆ ಮತ್ತೊಮ್ಮೆ ಎಣಿಸಬೇಕು. ಇಬ್ಬನಿ ಆರುವ ಮೊದಲೇ ಎಣಿಸಿದರೆ ನೀರಹನಿಯೂ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಒಂಬತ್ತು ಗಂಟೆಯ ನಂತರ ಮಾಡಿ. ಬಲೆ ಮಾಯವಾಗಿದ್ದರೆ ಆ ಸಾಲನ್ನು ಖಾಲಿ ಬಿಡದೆ "ಬಲೆ ಇಲ್ಲ" ಎಂದು ದಾಖಲಿಸಿ, ಸುತ್ತ ಐದು ಮೀಟರಿನಲ್ಲಿ ಹೊಸದಾಗಿ ಕಟ್ಟಿದೆಯೇ ಹುಡುಕಿ.

ಜೇಡಗಳನ್ನು ಹಿಡಿದು ಸೀಸೆಗೆ ಹಾಕುವುದು ಈ ಕೆಲಸಕ್ಕೆ ಬೇಕಿಲ್ಲ. ಮೀಸಲು ಅರಣ್ಯದ ಅಂಚಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹಿಡಿಯುವಂತೆಯೂ ಇಲ್ಲ. ಬಲೆಯಡಿ ಸತ್ತು ಬಿದ್ದದ್ದು ಸಿಕ್ಕಿದರೆ ಮಾತ್ರ ಶೇ. 75ರ ಆಲ್ಕೋಹಾಲ್ ತುಂಬಿದ ಸಣ್ಣ ಸೀಸೆಗೆ ಹಾಕಿ, ದಿನಾಂಕ, ಸ್ಥಳ, ಬಲೆಯ ಸಂಖ್ಯೆ ಬರೆದ ಚೀಟಿಯನ್ನು ಒಳಗೇ ಇಡಿ. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ. ಆನೆ ಓಡಾಡುವ ತೋಟವಾದರೆ ಹಿಂದಿನ ರಾತ್ರಿಯ ಸುದ್ದಿಯನ್ನು ತೋಟದವರಲ್ಲಿ ವಿಚಾರಿಸಿಕೊಂಡೇ ಮಕ್ಕಳನ್ನು ಒಳಗೆ ಬಿಡಿ.